ಹೊಟ್ಟೆಯೊಳಗಿನ ತೂಬುಗಳು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ಕೆರೆಗೆ ತೂಬು ಇರೋದು ಯಾಕೆ? ಗದ್ದೆಗೆ ಬೇಕಾದಷ್ಟೇ ನೀರು ಹೋಗಲಿ ಅಂತ. ನಮ್ಮ ಹೊಟ್ಟೆಯಲ್ಲೂ ಇಂಥ ತೂಬುಗಳಿವೆ. ಹೆಚ್ಚಿನವು ಉಂಗುರದ ಹಾಗೆ ಬಿಗಿಯುವ ಮಾಂಸಖಂಡಗಳು.

ಅನ್ನನಾಳ ಜಠರವನ್ನು ಸೇರುವಲ್ಲಿ ಒಂದಿದೆ. ತುತ್ತು ಬಂದಾಗ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಇದು ಸಡಿಲವಾದರೆ ಜಠರದ ಆಮ್ಲ ಮೇಲಕ್ಕೆ ಬಂದು ಎದೆ ಉರಿಯುತ್ತದೆ. ಎಲ್ಲರಿಗೂ ಬಡಿಸಿ, ಅಡುಗೆಮನೆ ಒರೆಸಿ, ಕೊನೆಗೆ ಉಂಡು ಹಾಗೇ ಮಲಗುವವರು ನಾವೇ ಅಲ್ವಾ? ಊಟಕ್ಕೂ ಮಲಗೋದಕ್ಕೂ ಎರಡು ಮೂರು ಗಂಟೆ ಅಂತರ ಬೇಕು. ಮನೆಯವರ ಜೊತೆಗೇ ಕೂತು ಉಣ್ಣಿ. ಪಾತ್ರೆ ಆಮೇಲೆ ತೊಳೆದರಾಯ್ತು.

ಜಠರದ ಕೊನೆಯ ತೂಬು, ಅರೆದ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಬಿಡುತ್ತದೆ. ಕೆಲವು ಎಳೆಗೂಸುಗಳಲ್ಲಿ, ಸಾಮಾನ್ಯವಾಗಿ 3ರಿಂದ 6ನೇ ವಾರದಲ್ಲಿ, ಈ ಉಂಗುರ ದಪ್ಪವಾಗಿ ಹಾಲು ಮುಂದೆ ಹೋಗೋದೇ ಇಲ್ಲ. ಮಗು ಕುಡಿದದ್ದನ್ನೆಲ್ಲ ದೂರಕ್ಕೆ ಚಿಮ್ಮುವಂತೆ ಕಕ್ಕಿ, ಮತ್ತೆ ಹಸಿವಿನಿಂದ ಅಳುತ್ತದೆ. ಇದು ದೃಷ್ಟಿಯಲ್ಲ. ದೃಷ್ಟಿ ತೆಗೆಯುತ್ತಾ, ಬಜೆ ತೇಯ್ದು ನೆಕ್ಕಿಸುತ್ತಾ ದಿನ ಕಳೆದರೆ ಮಗುವಿನ ಮೈಯ ನೀರಿನಂಶ ಬತ್ತಿ ಜೀವಕ್ಕೇ ಅಪಾಯ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಆಪರೇಶನ್ನಿನಿಂದ ಪೂರ್ತಿ ಗುಣವಾಗುತ್ತದೆ.

ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ, ಹೊಟ್ಟೆಯ ಬಲಭಾಗದ ಕೆಳಗೆ, ಇನ್ನೊಂದು ಕವಾಟ. ಮುಂದೆ ಹೋದದ್ದು ಹಿಂದಕ್ಕೆ ಬರದಂತೆ ತಡೆಯೋದು ಇದರ ಕೆಲಸ.

ಇನ್ನು ಗುದದ್ವಾರ. ಹೇಳಲು ನಾಚಿಕೆ ಬೇಡ. ಅಲ್ಲಿ ಎರಡು ಉಂಗುರಗಳು. ಒಳಗಿನದು ತಾನಾಗಿ ಸಡಿಲವಾಗುತ್ತದೆ, ಹೊರಗಿನದು ನಮ್ಮ ಮಾತು ಕೇಳುತ್ತದೆ. ಅದಕ್ಕೇ ನಮ್ಮ ತಾಯಂದಿರು ಕತ್ತಲಾಗುವವರೆಗೆ ತಡೆದುಕೊಂಡು ಇರ್ತಿದ್ದರು. ಆದರೆ ತಡೆದಷ್ಟೂ ದೊಡ್ಡ ಕರುಳು ಮಲದ ನೀರನ್ನು ಹೀರುತ್ತಲೇ ಇರುತ್ತದೆ. ಮಲ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ, ಮೂಲವ್ಯಾಧಿಯಾಗಿ ರಕ್ತವೂ ಬೀಳಬಹುದು. ಹೊರಗೆ ಹೋಗಬೇಕಲ್ಲ ಅಂತ ನೀರೇ ಕುಡಿಯದವರು ಇವತ್ತಿಗೂ ನಮ್ಮ ನಡುವೆ ಇದ್ದಾರೆ. ಅವರಿಗೆ ತೊಂದರೆ ಇನ್ನೂ ಹೆಚ್ಚು.

2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಬಂದ ಮೇಲೆ 12,000 ರೂಪಾಯಿ ಸಹಾಯಧನದಲ್ಲಿ ಹಳ್ಳಿಗಳಲ್ಲಿ ಎಷ್ಟೋ ಶೌಚಾಲಯಗಳಾದವು. ನೀರಿಲ್ಲ ಅಂತ ಕೆಲವರು ಅದರಲ್ಲಿ ಸೌದೆ ತುಂಬಿದ್ದಾರೆ! ಮುಂದಿನ ವಾರ ಸಾಲದ ಅರ್ಜಿ ನೋಡುವಾಗ, ಶೌಚಾಲಯಕ್ಕೆ ನೀರಿನ ತೊಟ್ಟಿ, ಪೈಪು, ಬಾಗಿಲು ರಿಪೇರಿ ಅಂತ ಕೇಳಿದವರನ್ನು ಹಿಂದಕ್ಕೆ ಹಾಕಬೇಡಿ.