ಪಾಚಿಯೂ ಒಂದು ವಿದ್ಯೆ



ಹಡಪಸರದ ಕಾಲುವೆಯಲ್ಲಿ ಪಾಚಿಯನ್ನು ಕಂಡು ಮುಖ ತಿರುಗಿಸುವವರೇ ನಾವೆಲ್ಲ. ಅದನ್ನೇ ಅಭ್ಯಾಸಮಾಡಿ ಡಾಕ್ಟರೇಟು ಪಡೆಯುವೆನೆಂದು ಮನೆಯ ಮಗಳು ಹೇಳಿದರೆ, “ಎಂ.ಎಸ್‌ಸಿ. ಆಯಿತಲ್ಲ, ಮಗರಪಟ್ಟಾದಲ್ಲಿ ಒಂದು ಕೆಲಸ ಹಿಡಿಯಮ್ಮಾ” ಎನ್ನುತ್ತೇವೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಅಂಜಿಕೆಯದು, ಅದನ್ನು ಹಳಿಯಲಾರೆವು.

ಆದರೆ ಪಾಚಿಯ ಯೋಗ್ಯತೆಯನ್ನಷ್ಟು ಕೇಳಬೇಕು. ಗೊಬ್ಬರ ಕಾಣದ ಭತ್ತದ ಗದ್ದೆಯೂ ವರ್ಷವರ್ಷ ಫಲ ಕೊಡುವುದೇಕೆಂಬ ಒಗಟನ್ನು ಪಿ. ಕೆ. ಡೇ ಅವರು 1939ರಲ್ಲಿ ಬಿಡಿಸಿದರು. ನಿಂತ ನೀರಿನ ನೀಲಿ-ಹಸಿರು ಪಾಚಿಯು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ಇದಕ್ಕೀಗ ಸಯನೋಬ್ಯಾಕ್ಟೀರಿಯಾ ಎಂದು ಹೆಸರು. ಕುಲದಿಂದ ಬ್ಯಾಕ್ಟೀರಿಯಾ, ಕಸುಬಿನಿಂದ ಗಿಡ! ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯಲ್ಲಿ ಇದೇ ಕುಲದ ಸ್ಪಿರುಲಿನಾವನ್ನು ಬೆಳೆಸಿ ಆಹಾರವಾಗಿಸುವ ಸಂಶೋಧನೆ 1970ರ ದಶಕದಲ್ಲೇ ನಡೆಯಿತು.

ಪುಣೆಯನ್ನು ಬಿಡಲೊಲ್ಲದವರಿಗೆ 1946ರಲ್ಲಿ ಹುಟ್ಟಿದ ಸಂಸ್ಥೆಯೊಂದು ಇಲ್ಲಿಯೇ ಇದೆ, ಇಂದಿನ ಆಘಾರಕರ ಸಂಶೋಧನಾ ಸಂಸ್ಥೆ. ಗಾಜಿನಂಥ ಚಿಪ್ಪಿನ ಡಯಾಟಮ್ ಪಾಚಿಗಳ ಅಭ್ಯಾಸ ಅಲ್ಲಿ ನಡೆದಿದೆ.

ಖರ್ಚಿನ ಮಾತು. ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಗಳಿಸಿದವರಿಗೆ 2023ರಲ್ಲಿ ನಿಗದಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಪ್ರಗತಿ ಮೆಚ್ಚಿಗೆಯಾದರೆ ಮುಂದೆ 42,000. ಮನೆಬಾಡಿಗೆಯ ಭತ್ಯ ಬೇರೆ. ಎಲ್ಲ ಸೇರಿ ಐದು ವರ್ಷ ಮಾತ್ರ. ಆದುದರಿಂದ ಮಾರ್ಗದರ್ಶಕರನ್ನು ಆರಿಸುವ ಮೊದಲು ಅವರ ಹಿಂದಿನ ವಿದ್ಯಾರ್ಥಿಗಳಿಗೆ ಎಷ್ಟು ವರ್ಷ ಹಿಡಿಯಿತೆಂದು ಕೇಳಿಕೊಳ್ಳುವುದು ಒಳ್ಳೆಯದು. ಪದವಿಯ ಬೆನ್ನಿಗೇ ನೌಕರಿ ಕಾದಿರುವುದೆಂದು ನಾವು ಹೇಳುವುದಿಲ್ಲ.

ಪರೀಕ್ಷೆ ವರ್ಷಕ್ಕೆ ಎರಡು ಸಲ. ಅದಕ್ಕಾಗಿ ಅವಳು ಓದುವ ಆರು ತಿಂಗಳು ಮದುವೆಯ ಮಾತನ್ನು ನಾವು ಎತ್ತದಿದ್ದರೆ ಸದ್ಯಕ್ಕೆ ಸಾಕು.