ಮುಚ್ಚುವಾಗಿನ ಎಚ್ಚರ



2001ರಲ್ಲಿ ಲಿನಕ್ಸ್‌ಗೆ ಸೇರಿದ ಇಎಕ್ಸ್‌ಟಿ3 ಕಡತ ವ್ಯವಸ್ಥೆಯು ಕಡತಗಳ ಲೆಕ್ಕದಲ್ಲಿ ಮಾಡುವ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಳ್ಳುತ್ತದೆ, ಅಂಗಡಿಯ ದಿನವಹಿಯ ಹಾಗೆ. ಕರೆಂಟ್ ಹೋದರೂ ಅದನ್ನು ನೋಡಿ ಲೆಕ್ಕ ಸರಿಪಡಿಸಿಕೊಳ್ಳುತ್ತದೆ.

ಆದರೆ ವ್ಯವಸ್ಥೆಯನ್ನು ಮುಚ್ಚುವಾಗ ಒಂದು ಅಪಾಯವಿದೆ. ಒಂದು ಥ್ರೆಡ್ ಜರ್ನಲ್ ಬರೆಯುತ್ತಿರುವಾಗಲೇ ಇನ್ನೊಂದು ಅದರ ಮೆಮೊರಿಯನ್ನು ಬಿಟ್ಟುಕೊಟ್ಟರೆ ಕರ್ನಲ್ಲೇ ಕುಸಿಯಬಹುದು. ಇದೇ ರೇಸ್ ಕಂಡಿಷನ್. ಯಾರು ಮೊದಲು ಎಂಬುದರ ಮೇಲೆ ಫಲಿತಾಂಶ ನಿಂತಿರುವುದರಿಂದ ನೂರು ಪರೀಕ್ಷೆಗಳಲ್ಲೂ ಈ ತಪ್ಪು ಕಾಣಿಸದಿರಬಹುದು.

ಪರಿಹಾರವಿರುವುದು ಕ್ರಮದಲ್ಲಿ. ಹೊಸ ಕೆಲಸ ನಿಲ್ಲಿಸಿ, ಬಾಕಿ ಮುಗಿಸಿ, ಜರ್ನಲ್ ಥ್ರೆಡ್‌ಗೆ ನಿಲ್ಲಲು ಹೇಳಬೇಕು. ಹೇಳಿದರೆ ಸಾಲದು, ಅದು ನಿಂತ ಗುರುತು ಸಿಗುವವರೆಗೆ ಕಾಯಬೇಕು. ಉಳಿದದ್ದನ್ನು ಡಿಸ್ಕಿಗೆ ಬರೆದು, ಜರ್ನಲ್ ಖಾಲಿಯೆಂದು ನಮೂದಿಸಿ, ಆಮೇಲಷ್ಟೇ ಮೆಮೊರಿ ಬಿಡಬೇಕು.

ವಿದ್ಯಾರ್ಥಿಗಳೇ, ಬೇರೆಯವರ ಕಡತಗಳು ನಮ್ಮ ಕೈಯಲ್ಲಿರುವ ಅಮಾನತ್. ಆರಂಭದಷ್ಟೇ ಶ್ರದ್ಧೆ ಮುಕ್ತಾಯಕ್ಕೂ ಇರಲಿ. ವಸ್ಸಲಾಂ.