ಸಮಾಜ ಪುಸ್ತಕದೊಳಗಿನ ಕಾಮಿಕ್ಸ್
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಒಂಬತ್ತನೇ ತರಗತಿಯಲ್ಲಿ ಸಮಾಜ ಪುಸ್ತಕದೊಳಗೆ ಇಂದ್ರಜಾಲ ಕಾಮಿಕ್ಸ್ ಇಟ್ಟುಕೊಂಡು ಓದುತ್ತಿದ್ದವನು ನಾನೇ. ಅದು 1990ರಲ್ಲೇ ನಿಂತುಹೋಗಿತ್ತು. ನನಗೆ ಸಿಕ್ಕಿದ್ದು ಪಕ್ಕದ ಮನೆಯ ಅಟ್ಟದಲ್ಲಿದ್ದ, ಹುಳ ತಿಂದ ಪ್ರತಿಗಳು. ಮೇಷ್ಟ್ರು ಹಿಡಿದರು. ಹೊಡೆಯಲಿಲ್ಲ. "ಓದಿ ಮುಗಿಸಿ ನನಗೂ ಕೊಡೋ" ಅಂದರು. ನಾನು ಕೊಡಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಬಿಇ ಮೊದಲ ವರ್ಷ ತರಗತಿಯಲ್ಲಿ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಎರಡು ವಿಷಯ ಉಳಿದವು. ಆಗ ಬೆಂಗಳೂರಿನ ಫುಟ್‌ಪಾತಿನಲ್ಲಿ 'ಟೀನೇಜ್ ಮ್ಯುಟೆಂಟ್ ನಿಂಜಾ ಟರ್ಟಲ್ಸ್' ಹಳೆಯ ಪುಸ್ತಕವೊಂದು ಸಿಕ್ಕಿತು. ಅಪ್ಪ ಮೆಸ್ಸಿಗೆಂದು ಕಳಿಸಿದ ದುಡ್ಡಿನಲ್ಲಿ ಕೊಂಡೆ. ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಅವರಿಗೆ ಗೊತ್ತಾಗುತ್ತಿರುವುದು ಈಗಲೇ.

ರಾಸಾಯನಿಕ ತಾಗಿ ನಾಲ್ಕು ಆಮೆಗಳು ಮನುಷ್ಯರಂತಾಗುವ ಕತೆ ಅದು. ಚಿತ್ರ ನೋಡಿ ಊಹಿಸಿ, ಆಮೇಲೆ ಇಂಗ್ಲಿಷ್ ಮಾತು ಓದುತ್ತಿದ್ದೆ. ಭಾಷೆಯ ಭಯ ಹೋದದ್ದು ಹಾಗೆ. ಅದು ಹುಟ್ಟಿದ ಬಗೆ ತಿಳಿದಾಗ ಇನ್ನೂ ಆಶ್ಚರ್ಯವಾಯಿತು. 1984ರಲ್ಲಿ ಅಮೆರಿಕದ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬ ಇಬ್ಬರು, ವಾಪಸು ಬಂದ ತೆರಿಗೆ ಹಣಕ್ಕೆ ಚಿಕ್ಕಪ್ಪನಿಂದ ತಂದ ಸಾಲ ಸೇರಿಸಿ, ಕಪ್ಪು ಬಿಳುಪಿನಲ್ಲಿ ಸುಮಾರು 3,000 ಪ್ರತಿ ಅಚ್ಚು ಹಾಕಿಸಿದರು. ಬೆನ್ನ ಹಿಂದೆ ದೊಡ್ಡ ಕಂಪನಿ ಇರಲಿಲ್ಲ. ಸ್ವತಂತ್ರ ಕಾಮಿಕ್ಸ್ ಅಂದರೆ ಇದೇ. ಕತೆಯೂ ತಮ್ಮದು, ನಷ್ಟವಾದರೆ ಅದೂ ತಮ್ಮದು.

ಬೆಂಗಳೂರಿನ ಅಪ್ಪುಪೆನ್ ಎಂಬ ಚಿತ್ರಕಾರರ 'ಮೂನ್‌ವರ್ಡ್' ಅನ್ನು 2009ರಲ್ಲಿ ಚೆನ್ನೈನ ಬ್ಲಾಫ್ಟ್ ಎಂಬ ಪುಟ್ಟ ಪ್ರಕಾಶನ ತಂದಿತು. ಅದರ ಲೋಕದ ಹೆಸರು ಹಾಲಾಹಲ, ಸಮುದ್ರ ಮಥನದಲ್ಲಿ ಬಂದ ವಿಷದ ಹೆಸರು. ಮಾತು ಬಹಳ ಕಡಿಮೆ, ಎಲ್ಲವನ್ನೂ ಚಿತ್ರವೇ ಹೇಳುತ್ತದೆ. ಕಾಡು ನಗರವಾಗುತ್ತದೆ, ನಗರ ಮನುಷ್ಯರನ್ನು ನುಂಗುತ್ತದೆ. ವೈಜ್ಞಾನಿಕ ಕತೆ ಅಂದರೆ ರಾಕೆಟ್ಟು, ರೋಬೋಟ್ ಅಂದುಕೊಂಡಿದ್ದೆ. 'ಇದನ್ನು ಮಾಡಿದರೆ ನಾಳೆ ಯಾರಿಗೆ ಏನಾಗುತ್ತದೆ' ಎಂದು ಕೇಳುವುದೇ ಅದರ ಕೆಲಸ ಎಂದು ಆಗ ತಿಳಿಯಿತು.

ಆ ಪ್ರಶ್ನೆ ನನ್ನ ಮೇಜಿಗೂ ಬಂತು. ಕಳೆದ ವರ್ಷ ನಮ್ಮ ತಂಡ ಬರೆದ ಪ್ರೋಗ್ರಾಮಿನಿಂದ ಒಂದು ಕಚೇರಿಯಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದ ಹನ್ನೆರಡು ಜನ ಬೇಡವಾದರು. ನಮಗೆ ಕೇಕ್ ಕತ್ತರಿಸಿ ಅಭಿನಂದನೆ ಹೇಳಿದರು. ಆ ರಾತ್ರಿ ಮತ್ತೆ ಹಾಲಾಹಲದ ಪುಟ ತೆರೆದು ಕೂತೆ. ಉತ್ತರ ಅಲ್ಲಿರಲಿಲ್ಲ. ಆದರೆ ಮರುದಿನ ಮೀಟಿಂಗಿನಲ್ಲಿ, ಅವರಿಗೆ ಬೇರೆ ಕೆಲಸ ಕಲಿಸಬಹುದೇ ಎಂದು ಕೇಳಿದೆ. ಐದು ಜನರಿಗೆ ಆಯಿತು. ಉಳಿದ ಏಳು ಜನರ ಲೆಕ್ಕ ನನ್ನ ಹತ್ತಿರ ಇನ್ನೂ ಬಾಕಿ ಇದೆ.

ಮಕ್ಕಳೇ, ನಾನು ಓದಿದ ಇಂಥ ಕತೆಗಳೆಲ್ಲ ಇಂಗ್ಲಿಷಿನವು. ನಮ್ಮ ಊರಿನ ನಾಳೆಯನ್ನು ಬೇರೆ ಯಾರೂ ಬರೆಯುವುದಿಲ್ಲ. ಇನ್ನೈವತ್ತು ವರ್ಷಕ್ಕೆ ಈ ಶಾಲೆಗೆ ನೂರು ತುಂಬುತ್ತದೆ. ಆಗ ಕೆರೆಯಲ್ಲಿ ನೀರಿರುತ್ತದೆಯೇ? ಪಾಠ ಹೇಳುವವರು ಯಾರು? ಮಾತಿಲ್ಲದಿದ್ದರೂ ಪರವಾಗಿಲ್ಲ, ಚಿತ್ರ ಬರೆಯಿರಿ. ಗೋಡೆ ಪತ್ರಿಕೆಗೆ ಹಾಕಿ. ವರ್ಷಕ್ಕೊಮ್ಮೆ ಅದನ್ನು ಜೆರಾಕ್ಸ್ ಮಾಡಿಸಿ ಪುಸ್ತಕ ಮಾಡುವ ಖರ್ಚು ನನ್ನದು.

ಕೊನೆಯದಾಗಿ, ಮೇಷ್ಟ್ರೇ, ಇಪ್ಪತ್ತು ವರ್ಷ ತಡವಾಯಿತು. ಆ ಇಂದ್ರಜಾಲ ಕಾಮಿಕ್ಸನ್ನು ಓದಿ ಮುಗಿಸಿದ್ದೇನೆ, ತಗೊಳ್ಳಿ. ಜೊತೆಗೆ 'ಮೂನ್‌ವರ್ಡ್' ಕೂಡ ಇದೆ. ನೀವು ಓದಿದ ಮೇಲೆ ಗ್ರಂಥಾಲಯಕ್ಕೆ ಕೊಡಿ.